ಅತ್ತೆ ಹೇಳಿದ್ದ ಮಾತು: ಪಿಟ್ಯುಟರಿ ಸೋತ ಒಬ್ಬ ಹೆಂಗಸಿನ ಏಳು ವರ್ಷ

ಗುರುತು ಸಿಗಬಾರದೆಂದು ಊರು, ಕೆಲವು ತಿಂಗಳು, ಮನೆಯವರ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ನನ್ನ ತಪ್ಪುಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ. ಹೆಸರಿಲ್ಲದೆ ಬರೆಯುವುದು ಕಷ್ಟ, ಹಾಗಾಗಿ ನನ್ನ ಈ ರೋಗಿಯನ್ನು ಗೌರಮ್ಮ ಎಂದು ಕರೆಯುತ್ತೇನೆ. ಹೀಗೆ ಬರೆಯುತ್ತಿರುವುದು ಅವರಿಗೂ ಮನೆಯವರಿಗೂ ಗೊತ್ತು.

ಹಿನ್ನೆಲೆ

ಸೋಮವಾರಪೇಟೆ ತಾಲ್ಲೂಕಿನ ಒಂದು ಕಾಫಿ ತೋಟದ ಲೈನ್ ಮನೆ, ಅಂದರೆ ಕೆಲಸಗಾರರ ಸಾಲುಮನೆ. ಗಂಡನ ಮನೆಯವರು ಎರಡು ತಲೆಮಾರಿನ ಹಿಂದೆ ಪಿರಿಯಾಪಟ್ಟಣದ ಕಡೆಯಿಂದ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಗೌರಮ್ಮ ನನ್ನ ಹತ್ತಿರ ಮೊದಲ ಸಲ ಬಂದದ್ದು 2016ರ ನವೆಂಬರಿನಲ್ಲಿ, ಕುಯ್ಲು ಶುರುವಾಗುವ ಹೊತ್ತಿಗೆ. ವಯಸ್ಸು ಮೂವತ್ತೇಳು, ನೋಡಿದರೆ ಐವತ್ತು. ಕಣ್ಣಿನ ಸುತ್ತ, ತುಟಿಯ ಸುತ್ತ ಮಡಚಿಟ್ಟ ಕಾಗದದ ಹಾಗೆ ಸಣ್ಣ ಸಣ್ಣ ಸುಕ್ಕು. ಮುಖ ಬಿಳಿಚಿಕೊಂಡಿತ್ತು. ಹುಬ್ಬಿನ ಹೊರತುದಿಯಲ್ಲಿ ಕೂದಲಿರಲಿಲ್ಲ. ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವಷ್ಟರಲ್ಲಿ ನಾನು ಇನ್ನೊಂದು ಕೇಳಿರುತ್ತಿದ್ದೆ.

ಸುಸ್ತು, ಚಳಿ, ಊಟ ಸೇರುವುದಿಲ್ಲ, ನಿಂತರೆ ಕಣ್ಣು ಕತ್ತಲೆ. ಹೇಳಿದ್ದು ಇಷ್ಟೇ. ಕೊಡಗಿನಲ್ಲಿ ಚಳಿ ಎಂದು ಹೇಳಿಕೊಂಡು ಬರುವವರನ್ನು ಕೂರಿಸಿಕೊಂಡರೆ ಇಡೀ ಜಿಲ್ಲೆಯೇ ಬಂದು ಕೂತೀತು. ಆದರೆ ಇವರ ಎರಡೂ ಕಾಲಿನ ಮೇಲೆ, ಮೊಣಕಾಲಿನ ಕೆಳಗೆ, ಮೀನಿನ ಬಲೆ ಹರಡಿದಂತೆ ಕಂದುಗೆರೆಗಳಿದ್ದವು. ವರ್ಷಗಟ್ಟಲೆ ಒಲೆಯ ಮುಂದೆ ಕೂತು ಕಾಯಿಸಿಕೊಂಡರೆ ಬರುವ ಗುರುತು ಅದು. ಪುಸ್ತಕದಲ್ಲಿ ಓದಿದ್ದೆ. ಅವತ್ತು ಚರ್ಮದ ಕಾಯಿಲೆ ಎಂದುಕೊಂಡು ಒಂದು ಮುಲಾಮು ಬರೆದುಕೊಟ್ಟೆ.

ಜೊತೆಗೆ ಅತ್ತೆ ಬಂದಿದ್ದರು. ಅವರ ಮಾತು ಈಗಲೂ ಕಿವಿಯಲ್ಲಿದೆ: "ಕಡೇ ಮಗು ಹುಟ್ಟಿದಾಗಿಂದ ಹಿಂಗೇ ಡಾಕ್ಟ್ರೇ. ಎದೇಲಿ ಒಂದು ತೊಟ್ಟು ಹಾಲು ಬರ್ಲಿಲ್ಲ. ಮುಟ್ಟೂ ನಿಂತೋಯ್ತು." ಹೊರಗೆ ನಲವತ್ತು ಜನ ಕಾಯುತ್ತಿದ್ದರು. "ಅಜ್ಜಿ, ಈಗಿನ ತೊಂದರೆ ಹೇಳಿ" ಅಂದೆ. ಅಜ್ಜಿ ಸುಮ್ಮನಾದರು. ಈ ಪ್ರಕರಣದಲ್ಲಿ ನಾನು ತೆಗೆದುಕೊಂಡ ಮೊದಲ ತೀರ್ಮಾನ ಅದು, ತೀರ್ಮಾನ ಎಂದು ಗೊತ್ತಿಲ್ಲದೆ ತೆಗೆದುಕೊಂಡದ್ದು.

ಸಮಸ್ಯೆ

ಅದಕ್ಕೆ ಮೊದಲು ಹನ್ನೊಂದು ವರ್ಷ ಅವರು ಸುಮ್ಮನೆ ಕೂತಿರಲಿಲ್ಲ. ಪ್ಲಾಸ್ಟಿಕ್ ಕವರಿನ ತುಂಬ ಚೀಟಿಗಳಿದ್ದವು. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ, ಸುಸ್ತಿಗೆ ಬಿ-ಕಾಂಪ್ಲೆಕ್ಸ್, ಒಂದು ಕಡೆ ಮನಸ್ಸಿನ ಕಾಯಿಲೆಗೆ ಮಾತ್ರೆ. ಥೈರಾಯ್ಡ್ ಅನುಮಾನ ಇಬ್ಬರಿಗೆ ಬಂದಿತ್ತು. ಇಬ್ಬರೂ ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು) ಪರೀಕ್ಷೆ ಒಂದನ್ನೇ ಬರೆದಿದ್ದರು. ಒಂದು ಸಲ 2.8, ಇನ್ನೊಂದು ಸಲ 3.4. "ಥೈರಾಯ್ಡ್ ನಾರ್ಮಲ್" ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದಿತ್ತು.

ಟಿಎಸ್‌ಎಚ್ ಹುಟ್ಟುವುದು ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯಲ್ಲಿ. ಥೈರಾಯ್ಡ್ ಸೋತರೆ ಪಿಟ್ಯುಟರಿ ಜೋರಾಗಿ ಕೂಗುತ್ತದೆ, ಟಿಎಸ್‌ಎಚ್ ಏರುತ್ತದೆ. ಕೂಗಬೇಕಾದ ಪಿಟ್ಯುಟರಿಯೇ ಸತ್ತಿದ್ದರೆ ಟಿಎಸ್‌ಎಚ್ ಏರುವುದಿಲ್ಲ. ನಾರ್ಮಲ್ ಇರಬಹುದು, ಕೆಲವರಲ್ಲಿ ಚೂರು ಜಾಸ್ತಿಯೂ ಇರಬಹುದು, ಏಕೆಂದರೆ ಉಳಿದ ಜೀವಕೋಶಗಳು ಬಿಡುವ ಹಾರ್ಮೋನಿಗೆ ಬಲವಿರುವುದಿಲ್ಲ. ಥೈರಾಯ್ಡೇ ಬಿಡುವ ಹಾರ್ಮೋನಾದ ಫ್ರೀ ಟಿ4 ನೋಡದೆ ಇದು ಗೊತ್ತಾಗುವುದಿಲ್ಲ.

ಚೀಟಿಗಳಲ್ಲಿ ಇಲ್ಲದ ಇನ್ನೊಂದು ಸಂಗತಿಯಿತ್ತು. ಸಂತೆ ದಿನ ಕೂರುವ ಒಬ್ಬರ ಹತ್ತಿರ ಗೌರಮ್ಮ ತಿಂಗಳಿಗೊಮ್ಮೆಯಾದರೂ "ಸೂಜಿ" ಹಾಕಿಸಿಕೊಳ್ಳುತ್ತಿದ್ದರು. "ಹಾಕುಸ್ಕೊಂಡ್ರೆ ಎರಡು ಮೂರು ದಿನ ಕೆಲಸಕ್ಕೆ ಹೋಗ್ಬೋದು ಸಾರ್." ಸೀಸೆಯ ಹೆಸರು ಅವರಿಗೆ ಗೊತ್ತಿಲ್ಲ. ನನಗೆ ಅಂದಾಜಿದೆ: ಡೆಕ್ಸಾಮೆಥಾಸೋನ್, ಅಂದರೆ ಸ್ಟಿರಾಯ್ಡ್. ನಾವೆಲ್ಲ ಬೈಯುವ ಆ ಸೂಜಿಯೇ ಇವರನ್ನು ಇಷ್ಟು ವರ್ಷ ಬದುಕಿಸಿರಬಹುದು.

ಪ್ರಯತ್ನ, ಮತ್ತು ಅದರಿಂದಾದ ಅನಾಹುತ

2017ರ ಜನವರಿಯಲ್ಲಿ ನಾನು ಟಿ3, ಟಿ4, ಟಿಎಸ್‌ಎಚ್ ಮೂರನ್ನೂ ಮಾಡಿಸಿದೆ. ಫ್ರೀ ಟಿ4 0.4, ಇರಬೇಕಾದುದರ ಅರ್ಧ. ಟಿಎಸ್‌ಎಚ್ 4.6. ಟಿ4 ಇಷ್ಟು ಇಳಿದಿರುವಾಗ ಟಿಎಸ್‌ಎಚ್ ಐವತ್ತೋ ನೂರೋ ಆಗಬೇಕಿತ್ತು. ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು. ನಾನು ಟಿ4 ಮಾತ್ರ ನೋಡಿದೆ, ಕೊನೆಗೂ ಕಾಯಿಲೆ ಸಿಕ್ಕಿತೆಂದು ಖುಷಿಪಟ್ಟೆ, ದಿನಕ್ಕೆ 75 ಮೈಕ್ರೋಗ್ರಾಂ ಥೈರಾಕ್ಸಿನ್, ಅಂದರೆ ಟಿ4 ಮಾತ್ರೆ ಬರೆದೆ.

ಒಂಬತ್ತನೇ ದಿನ ತೋಟದ ಪಿಕಪ್‌ನಲ್ಲಿ ಮಲಗಿಸಿಕೊಂಡು ಬಂದರು. ವಾಂತಿ, ಬಿಪಿ 80, ಸೋಡಿಯಂ 121, ಇರಬೇಕಾದುದಕ್ಕಿಂತ ತುಂಬ ಕಡಿಮೆ. ವಾಂತಿ ಭೇದಿ ಎಂದು ಸೇರಿಸಿಕೊಂಡು ಸಲೈನ್ ಹಾಕಿದೆವು. ರಾತ್ರಿ ಚಳಿಜ್ವರದ ನಡುಕ ಎಂದು ಡ್ಯೂಟಿ ಡಾಕ್ಟರು ಒಂದು ಡೆಕ್ಸಾ ಕೊಟ್ಟರು. ಬೆಳಿಗ್ಗೆ ಗೌರಮ್ಮ ಎದ್ದು ಕೂತು ಇಡ್ಲಿ ತಿಂದರು. ವಾರ್ಡಿನಲ್ಲಿ ಎಲ್ಲರಿಗೂ ಸಂತೋಷ. ಒಂದೇ ಡೋಸಿಗೆ ಇಷ್ಟು ಚೇತರಿಕೆ ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ "ಥೈರಾಕ್ಸಿನ್ ಮುಂದುವರಿಸಿ" ಎಂದು ನನ್ನದೇ ಅಕ್ಷರ.

ಆರು ದಿನಕ್ಕೆ ಮತ್ತೆ ಬಂದರು. ಈ ಸಲ ಮಾತಿಲ್ಲ. ಸೋಡಿಯಂ 114, ಸಕ್ಕರೆ 52. ಪೊಟ್ಯಾಸಿಯಂ ಸರಿಯಾಗಿಯೇ ಇತ್ತು.

ಪಿಟ್ಯುಟರಿ ಹೇಳಿದಂತೆ ಕಿಡ್ನಿಯ ಮೇಲಿರುವ ಅಡ್ರೀನಲ್ ಗ್ರಂಥಿಯಲ್ಲಿ ಹುಟ್ಟುವ, ಮೈಯ ಸ್ವಂತ ಸ್ಟಿರಾಯ್ಡಾದ ಕಾರ್ಟಿಸಾಲ್ ತೀರಾ ಕಡಿಮೆಯಿರುವ ಮೈಗೆ ಥೈರಾಕ್ಸಿನ್ ಕೊಟ್ಟರೆ, ಮೈಯ ಕೆಲಸವೆಲ್ಲ ಚುರುಕಾಗಿ ಇದ್ದ ಚೂರು ಕಾರ್ಟಿಸಾಲೂ ಬೇಗ ಖರ್ಚಾಗುತ್ತದೆ. ತಳ ಕಂಡ ಟ್ಯಾಂಕಿನ ನಲ್ಲಿಯನ್ನು ಪೂರ್ತಿ ತಿರುಗಿಸಿದ ಹಾಗೆ. ಮೊದಲು ಸ್ಟಿರಾಯ್ಡ್, ಆಮೇಲೆ ಥೈರಾಕ್ಸಿನ್: ಎಂಬಿಬಿಎಸ್‌ನಲ್ಲಿ ಬಾಯಿಪಾಠ ಮಾಡಿದ್ದೆ. ಆದರೆ ಕಾರ್ಟಿಸಾಲ್ ಕಡಿಮೆ ಇರಬಹುದೆಂದು ಹೊಳೆಯದವನಿಗೆ ಆ ಪಾಠ ಎಲ್ಲಿ ಉಪಯೋಗಕ್ಕೆ ಬರಬೇಕು?

ತಿರುವು

ಸಿಸ್ಟರ್ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಿದ್ದರು. 95 ಡಿಗ್ರಿ. ಇನ್ನೊಮ್ಮೆ ಇಡಿ ಎಂದು ನಾನೇ ಪಕ್ಕ ನಿಂತೆ. ಕಂಕುಳಲ್ಲಿ ಒಂದೂ ಕೂದಲಿಲ್ಲ. ತಲೆಯೆತ್ತಿದರೆ ಮಂಚದ ಕೊನೆಗೆ ಅತ್ತೆ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಅಜ್ಜಿ, ಅವತ್ತು ಹಾಲಿನ ವಿಷಯ ಏನೋ ಹೇಳ್ತಿದ್ರಿ."

2005ರ ಜೂನ್. ಮಳೆ. ಮೂರನೇ ಹೆರಿಗೆ ಲೈನ್ ಮನೆಯಲ್ಲೇ ಆಯಿತು. ಮಗು ಬಂತು, ಕಸ ಬೀಳಲಿಲ್ಲ. ರಕ್ತ ನಿಲ್ಲಲಿಲ್ಲ. 108 ಆಂಬುಲೆನ್ಸ್ ಕರ್ನಾಟಕಕ್ಕೆ ಬಂದದ್ದು 2008ರ ಕೊನೆಗೆ, ಆಗ ಇದ್ದದ್ದು ತೋಟದ ಜೀಪು. ಅದು ಸಿಕ್ಕುವಷ್ಟರಲ್ಲಿ ಎರಡು ಗಂಟೆಯಾಗಿತ್ತು, ಆಸ್ಪತ್ರೆ ಮುಟ್ಟುವಾಗ ಪ್ರಜ್ಞೆಯಿರಲಿಲ್ಲ. ಮೂರು ಬಾಟಲಿ ರಕ್ತ ಹಾಕಿ ಉಳಿಸಿದರು. ಎದೆ ತುಂಬಲೇ ಇಲ್ಲ. ದೃಷ್ಟಿ ಎಂದರು, ನೀವಾಳಿಸಿದರು, ಮಗುವನ್ನು ಅಜ್ಜಿಯೇ ಹಸುವಿನ ಹಾಲು ಹಾಕಿ ಬೆಳೆಸಿದರು. ನಾಲ್ಕು ತಿಂಗಳಿಗೆ ಮಕ್ಕಳಾಗದ ಆಪರೇಷನ್ ಮಾಡಿಸಿದರು. ಮುಟ್ಟು ಬರದೇ ಹೋದಾಗ "ಆಪರೇಷನ್ ಆದ್ಮೇಲೆ ಕೆಲವರಿಗೆ ಹಂಗೇ" ಎಂದು ಲೈನಿನ ಹೆಂಗಸರು ಹೇಳಿದರು, ಆಸ್ಪತ್ರೆಯಲ್ಲೂ ಒಬ್ಬರು ಹಾಗೇ ಹೇಳಿದರಂತೆ. ಆಪರೇಷನ್ನಿಗೂ ಮುಟ್ಟಿಗೂ ಸಂಬಂಧವಿಲ್ಲ. ಆದರೆ ಆ ಒಂದು ನಂಬಿಕೆ ಹನ್ನೊಂದು ವರ್ಷ ಎಲ್ಲರ ಬಾಯಿ ಕಟ್ಟಿತು.

ಇದು ಶೀಹಾನ್ ಸಿಂಡ್ರೋಮ್. ಗ್ಲಾಸ್ಗೋದ ರೋಗಶಾಸ್ತ್ರಜ್ಞ ಹೆರಾಲ್ಡ್ ಶೀಹಾನ್ 1937ರಲ್ಲಿ ವಿವರಿಸಿದ್ದು. ಬಸುರಿನಲ್ಲಿ ಪಿಟ್ಯುಟರಿ ಊದಿಕೊಂಡು ದೊಡ್ಡದಾಗುತ್ತದೆ, ರಕ್ತ ಮಾತ್ರ ಅದೇ ಹಳೆಯ ಸಣ್ಣ ನಾಳಗಳಲ್ಲಿ, ಕಡಿಮೆ ಒತ್ತಡದಲ್ಲಿ ಬರಬೇಕು. ಕಾಲುವೆಯ ಕಟ್ಟಕಡೆಯ ಗದ್ದೆ ಅದು. ಮೇಲೆ ನೀರು ಕಡಿಮೆಯಾದರೆ ಮೊದಲು ಒಣಗುವುದು ಅಲ್ಲಿ. ಹೆರಿಗೆಯಲ್ಲಿ ರಕ್ತ ಹೋಗಿ ಬಿಪಿ ಬಿದ್ದಾಗ ಗ್ರಂಥಿಯ ಮುಂಭಾಗ ಸಾಯುತ್ತದೆ. ಹಾಲಿನ ಹಾರ್ಮೋನು ಮೊದಲು ಹೋಗುವವುಗಳಲ್ಲಿ ಒಂದು. ಉಳಿದವು ನಿಧಾನಕ್ಕೆ, ಹಲವರಲ್ಲಿ ಹತ್ತು ಹದಿನೈದು ವರ್ಷ ತೆಗೆದುಕೊಂಡು ಬಯಲಾಗುತ್ತವೆ. ಶ್ರೀಮಂತ ದೇಶಗಳಲ್ಲಿ ಇದು ಅಪರೂಪ. ನಮ್ಮಲ್ಲಿ ಅಪರೂಪ ಎನ್ನಲು ನನಗೆ ಧೈರ್ಯವಿಲ್ಲ. ಕಾಶ್ಮೀರ ಕಣಿವೆಯಲ್ಲಿ ಮಾಡಿದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇದಿರಬಹುದೆಂದು ಲೆಕ್ಕ ಸಿಕ್ಕಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಮನೆಯಲ್ಲೇ ಹೆತ್ತವರು.

ಆ ರಾತ್ರಿಯ ಮುಖ್ಯ ತೀರ್ಮಾನ: ರಿಪೋರ್ಟಿಗೆ ಕಾಯಬೇಕೋ ಬೇಡವೋ. ಕಾರ್ಟಿಸಾಲ್ ರಿಪೋರ್ಟು ಮೈಸೂರಿನಿಂದ ಬರಲು ಎರಡು ದಿನ. ಟ್ಯೂಬಿಗೆ ರಕ್ತ ತೆಗೆದಿಟ್ಟು, ಆ ಸೂಜಿ ತೆಗೆಯುವ ಮೊದಲೇ ಕಾರ್ಟಿಸಾಲಿನ ಬದಲಿಗೆ ಕೊಡುವ ಸ್ಟಿರಾಯ್ಡ್, ಹೈಡ್ರೊಕಾರ್ಟಿಸೋನ್ 100 ಮಿಲಿಗ್ರಾಂ ಕೊಟ್ಟೆವು. ಥೈರಾಕ್ಸಿನ್ ನಿಲ್ಲಿಸಿದೆವು. ಒಂದು ಗಂಟೆಯಲ್ಲಿ ಬಿಪಿ 106.

ಆಮೇಲೆ ಬಂದದ್ದು ನಾನು ನಿರೀಕ್ಷಿಸದ ಭಯ. ಕಾರ್ಟಿಸಾಲ್ ಇಲ್ಲದಾಗ ಮೈ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಸಿಕ್ಕಿದ ಕೂಡಲೇ ಕಟ್ಟೆ ಒಡೆದಂತೆ ಮೂತ್ರ. ಬ್ಯಾಗು ತುಂಬಿತು, ಖಾಲಿ ಮಾಡಿದರು, ಮತ್ತೆ ತುಂಬಿತು. ಆರು ಗಂಟೆಯಲ್ಲಿ ಸೋಡಿಯಂ 114ರಿಂದ 120. ಇಪ್ಪತ್ತನಾಲ್ಕು ಗಂಟೆಯಲ್ಲಿ ಎಂಟು-ಹತ್ತಕ್ಕಿಂತ ಹೆಚ್ಚು ಏರಿದರೆ ಮೆದುಳಿನ ಕಾಂಡಕ್ಕೇ ಪೆಟ್ಟು ಬೀಳಬಹುದು, ರೋಗಿ ಚೇತರಿಸಿಕೊಂಡಂತೆ ಕಂಡು ವಾರದೊಳಗೆ ಕೈಕಾಲು, ಮಾತು ಕಳೆದುಕೊಳ್ಳಬಹುದು. ಸಲೈನ್ ನಿಲ್ಲಿಸಿ ಐದು ಪರ್ಸೆಂಟ್ ಡೆಕ್ಸ್ಟ್ರೋಸ್ ಹಾಕಿದೆವು, ಎರಡು ಗಂಟೆಗೊಮ್ಮೆ ರಕ್ತ ತೆಗೆದೆವು. ಮಾರನೇ ದಿನ ಅದೇ ಹೊತ್ತಿಗೆ 123. ಆಗ ಹೋಗಿ ಕಾಫಿ ಕುಡಿದೆ.

ಕಾರ್ಟಿಸಾಲ್ 1.2 ಎಂದು ಬಂತು, ತೀರಾ ಕಡಿಮೆ. ಮುಟ್ಟಿಗೆ ಸಂಬಂಧಿಸಿದ ಎಫ್‌ಎಸ್‌ಎಚ್, ಎಲ್‌ಎಚ್, ಹಾಲಿನ ಪ್ರೊಲ್ಯಾಕ್ಟಿನ್ ಎಲ್ಲ ನೆಲಕಚ್ಚಿದ್ದವು. ಹನ್ನೊಂದು ವರ್ಷ ಮುಟ್ಟಿಲ್ಲದವರಲ್ಲಿ ಅಂಡಾಶಯ ಸೋತಿದ್ದರೆ ಎಫ್‌ಎಸ್‌ಎಚ್ ಆಕಾಶದಲ್ಲಿರಬೇಕು. ಇಳಿದಿದೆ ಎಂದರೆ ತೊಂದರೆ ಮೇಲಿನಿಂದ, ಪಿಟ್ಯುಟರಿಯಿಂದ. ಪೊಟ್ಯಾಸಿಯಂ ಸರಿಯಿದ್ದದ್ದು, ಚರ್ಮ ಕಪ್ಪಾಗದೆ ಬಿಳಿಚಿಕೊಂಡದ್ದು ಅದಕ್ಕೇ. ಅಡ್ರೀನಲ್ ಗ್ರಂಥಿಯೇ ಕೆಟ್ಟಿದ್ದರೆ ಎರಡೂ ಉಲ್ಟಾ ಇರುತ್ತಿದ್ದವು. ಮೈಸೂರಿನಲ್ಲಿ ಎಂಆರ್‌ಐ ಆಯಿತು. ಪಿಟ್ಯುಟರಿ ಕೂರುವ ಎಲುಬಿನ ಗುಂಡಿಯಲ್ಲಿ ಬರೀ ನೀರಿತ್ತು.

ಆಮೇಲಿನ ವರ್ಷಗಳು

ಪುಸ್ತಕದ ಪ್ರಕರಣಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. "ರೋಗಿ ಗುಣಮುಖರಾಗಿ ಮನೆಗೆ ತೆರಳಿದರು." ನನಗೆ ನಿಜವಾದ ಪ್ರಕರಣ ಶುರುವಾದದ್ದೇ ಇಲ್ಲಿಂದ.

ಮೊದಲ ಪ್ರಶ್ನೆ, ಯಾವ ಸ್ಟಿರಾಯ್ಡ್. ಮೈಸೂರಿನ ಹಾರ್ಮೋನ್ ತಜ್ಞರು ಹೈಡ್ರೊಕಾರ್ಟಿಸೋನ್ ಬರೆದರು, ದಿನಕ್ಕೆ ಎರಡು ಹೊತ್ತು. ಮೈಯ ಸ್ವಂತ ಹಾರ್ಮೋನಿಗೆ ಅದೇ ಹತ್ತಿರ. ಆದರೆ ನಮ್ಮ ಪೇಟೆಯ ನಾಲ್ಕು ಮೆಡಿಕಲ್ ಶಾಪಿನಲ್ಲಿ ಮೂರರಲ್ಲಿ ಅದು ಇರಲಿಲ್ಲ. ಪ್ರೆಡ್ನಿಸೊಲೋನ್ ಎಲ್ಲ ಕಡೆ ಸಿಗುತ್ತದೆ, ಬೆಳಿಗ್ಗೆ ಒಂದೇ ಮಾತ್ರೆ, ಬೆಲೆಯೂ ಕಡಿಮೆ. ಒಳ್ಳೆಯ ಮಾತ್ರೆ ಸಿಗದೇ ಹೋಗುವುದಕ್ಕಿಂತ ಸಾಧಾರಣ ಮಾತ್ರೆ ತಪ್ಪದೆ ಸಿಗುವುದು ಮೇಲು ಎಂದು ಫೋನಿನಲ್ಲಿ ಮಾತಾಡಿ 5 ಮಿಲಿಗ್ರಾಂ ಪ್ರೆಡ್ನಿಸೊಲೋನಿಗೆ ಬದಲಿಸಿದೆವು. ಮೂರು ವರ್ಷಕ್ಕೆ ತೂಕ ಏರಿ, ಸಕ್ಕರೆ ಗಡಿ ಮುಟ್ಟಿತು. ಅಂದರೆ ನಮ್ಮ ಡೋಸು ಚೂರು ಜಾಸ್ತಿಯಾಗಿತ್ತು. ಮೂರು ತಿಂಗಳ ಮಾತ್ರೆ ಒಟ್ಟಿಗೆ ತರಿಸುವ ವ್ಯವಸ್ಥೆಯಾದ ಮೇಲೆ ಹೈಡ್ರೊಕಾರ್ಟಿಸೋನಿಗೆ ವಾಪಸ್ಸಾದೆವು. ಆದರೂ ಮೊದಲಿನ ಆಯ್ಕೆ ತಪ್ಪೆಂದು ನನಗೆ ಅನಿಸುವುದಿಲ್ಲ, ಮುಂದೆ ನಡೆದದ್ದನ್ನು ನೋಡಿದರೆ.

ಸ್ಟಿರಾಯ್ಡ್ ಶುರುವಾಗಿ ಒಂದು ವಾರದ ಮೇಲೆ ಥೈರಾಕ್ಸಿನ್ ಮತ್ತೆ, ಸಣ್ಣ ಡೋಸಿನಿಂದ. ಮುಟ್ಟು ಬರಿಸುವ ಹಾರ್ಮೋನನ್ನು ಗೌರಮ್ಮ ಬೇಡವೆಂದರು. ಎಲುಬಿಗೆ ಒಳ್ಳೆಯದು ಎಂದೆ. "ಹನ್ನೊಂದು ವರ್ಷ ಆರಾಮಾಗಿದ್ದೆ ಸಾರ್, ಅದೊಂದು ಮಾತ್ರ ಬ್ಯಾಡ." ನಾವು ಕ್ಯಾಲ್ಸಿಯಂ, ವಿಟಮಿನ್ ಡಿಗೆ ರಾಜಿಯಾದೆವು. ಗ್ರೋತ್ ಹಾರ್ಮೋನಿನ ಬೆಲೆ ಕೇಳಿದ ಮೇಲೆ ಆ ಮಾತು ಎತ್ತಲಿಲ್ಲ.

ಜ್ವರ ಬಂದರೆ ಸ್ಟಿರಾಯ್ಡ್ ಎರಡು ಪಟ್ಟು, ವಾಂತಿಯಾದರೆ ಹೈಡ್ರೊಕಾರ್ಟಿಸೋನ್ 100 ಇಂಜೆಕ್ಷನ್. ಇದನ್ನು ಒಂದು ಕಾರ್ಡಿನಲ್ಲಿ ಬರೆದುಕೊಟ್ಟೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಗೌರಮ್ಮನಿಗೆ ಓದಲು ಬರುವುದಿಲ್ಲ. ಕಡೆಯ ಮಗಳು, ಆ ಹೆರಿಗೆಯ ಮಗು, ಹತ್ತು ಸಲ ಗಟ್ಟಿಯಾಗಿ ಓದಿ ಹೇಳಿದಳು.

2018ರ ಆಗಸ್ಟಿನ ಮಧ್ಯದಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಇವರ ಲೈನಿನ ಹಿಂದಿನ ಮಣ್ಣಿನ ಬರೆಯೂ ಜಾರಿತು. ಉಟ್ಟ ಬಟ್ಟೆಯಲ್ಲಿ ನಡೆದುಕೊಂಡು ಹೊರಬಂದರು. ಮಾತ್ರೆ, ಕಾರ್ಡು, ಇಂಜೆಕ್ಷನ್ನಿನ ಸ್ಟೀಲ್ ಡಬ್ಬಿ ಎಲ್ಲ ಟ್ರಂಕಿನಲ್ಲೇ ಉಳಿದವು. ಪರಿಹಾರ ಕೇಂದ್ರ ಮಾಡಿದ್ದ ಶಾಲೆಯಲ್ಲಿ ಎರಡು ದಿನ ಮಾತ್ರೆಯಿಲ್ಲ, ಮೂರನೇ ಬೆಳಿಗ್ಗೆ ವಾಂತಿ. ಅಲ್ಲಿದ್ದ ಎಳೆಯ ಡಾಕ್ಟರಿಗೆ ಹದಿಮೂರರ ಹುಡುಗಿ ಬಾಯಿಪಾಠ ಒಪ್ಪಿಸಿದಳು: "ಅಮ್ಮಂಗೆ ಪಿಟ್ಯುಟರಿ ಇಲ್ಲ. ಪ್ರೆಡ್ನಿಸೊಲೋನ್ ಐದು. ವಾಂತಿ ಆದ್ರೆ ಹೈಡ್ರೊಕಾರ್ಟಿಸೋನ್ ನೂರು." ಪಕ್ಕದಲ್ಲಿದ್ದ ಯಾರೋ "ಸ್ಟಿರಾಯ್ಡಾ? ಕಿಡ್ನಿ ಹೋಗುತ್ತೆ" ಎಂದರಂತೆ. ಡಾಕ್ಟರು ಹುಡುಗಿಯ ಮಾತು ನಂಬಿದರು. ಔಷಧಿ ಪೆಟ್ಟಿಗೆಯಲ್ಲಿ ಇಂಜೆಕ್ಷನ್ ಇತ್ತು, ಪ್ರೆಡ್ನಿಸೊಲೋನ್ ಕೂಡ ಇತ್ತು. ಹೈಡ್ರೊಕಾರ್ಟಿಸೋನ್ ಮಾತ್ರೆ ಇರಲಿಲ್ಲ.

ಎರಡನೇ ಎಡವು 2020ರ ಲಾಕ್‌ಡೌನಿನಲ್ಲಿ. ನನ್ನ ಹತ್ತಿರ ಬರಲಾಗದೆ ಬೇರೆಡೆ ತೋರಿಸಿದರು. ಟಿಎಸ್‌ಎಚ್ 0.03 ಬಂತು. ಥೈರಾಯ್ಡ್ ಮಾತ್ರೆ ಜಾಸ್ತಿಯಾಗಿದೆ ಎಂದು ನೂರರಿಂದ ಇಪ್ಪತ್ತೈದಕ್ಕೆ ಇಳಿಸಿದರು. ಇವರಲ್ಲಿ ಟಿಎಸ್‌ಎಚ್ ನೋಡಿ ಡೋಸು ನಿರ್ಧರಿಸುವುದು ನಿಂತ ಗಡಿಯಾರ ನೋಡಿ ಬಸ್ಸಿಗೆ ಹೊರಟ ಹಾಗೆ. ಅವರನ್ನು ದೂರುವ ಹಕ್ಕು ನನಗಿಲ್ಲ. "ಟಿಎಸ್‌ಎಚ್ ನೋಡಬೇಡಿ, ಫ್ರೀ ಟಿ4 ನೋಡಿ" ಎಂಬ ಸಾಲು ನನ್ನ ಕಾರ್ಡಿನಲ್ಲಿ ಇರಲಿಲ್ಲ.

ಡೋಸು ಇಳಿಸಿದ್ದರ ಪರಿಣಾಮ ಗೊತ್ತಾದದ್ದು ತೂಕದ ಚೀಟಿಯಿಂದ. ಕುಯ್ಲಿನ ಕಾಲದಲ್ಲಿ ಸಂಜೆ ಕಣದಲ್ಲಿ ಪ್ರತಿಯೊಬ್ಬರ ಹಣ್ಣು ತೂಗಿ, ತೋಟದ ಲೆಕ್ಕ ಬರೆಯುವ ರೈಟರ್ ಚೀಟಿ ಕೊಡುತ್ತಾರೆ. 2017ರಿಂದ ಆ ಚೀಟಿಗಳನ್ನು ತರಲು ಹೇಳಿದ್ದೆ, ಮೊದಮೊದಲು ಕುತೂಹಲಕ್ಕೆ. ಮದುವೆಯಾದ ಹೊಸತರಲ್ಲಿ ದಿನಕ್ಕೆ 60 ಕಿಲೋ ಅರೇಬಿಕಾ ಕುಯ್ಯುತ್ತಿದ್ದರಂತೆ. ನನ್ನ ಹತ್ತಿರ ಬಂದ ವರ್ಷ 18, ರೈಟರ್ ಸೋಮಾರಿ ಎಂದು ಬೈಯುತ್ತಿದ್ದರು. ಚಿಕಿತ್ಸೆಯ ಮೊದಲ ಪೂರ್ತಿ ಕುಯ್ಲಿನಲ್ಲಿ 38, ಅದರ ಮುಂದೆ 44. 2020ರ ಡಿಸೆಂಬರಿನ ಚೀಟಿಗಳಲ್ಲಿ 25, 24, 22. ಲ್ಯಾಬಿಗೆ ಕಳಿಸುವ ಮೊದಲೇ ಏನೋ ಕೆಟ್ಟಿದೆ ಎಂದು ಗೊತ್ತಾಯಿತು. ಕಾಲಿನ ಮೇಲೆ ಮಾಸುತ್ತಿದ್ದ ಬಲೆ ಮತ್ತೆ ಎದ್ದಿತ್ತು.

ಕಲಿತದ್ದು

ಪಿಟ್ಯುಟರಿ ಕಾಯಿಲೆಗಳ ಫಲಿತಾಂಶ ಅಳೆಯುವುದು ಕಷ್ಟ. ರೋಗಿಗಳು ಕಡಿಮೆ, ಬೇಕಾದ ಕಾಲ ಜಾಸ್ತಿ. 1990ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನವರು ಪಿಟ್ಯುಟರಿ ಸೋತ 333 ಜನರ ದಶಕಗಳ ಲೆಕ್ಕ ಒಟ್ಟುಮಾಡಿದಾಗ, ಸ್ಟಿರಾಯ್ಡ್, ಥೈರಾಕ್ಸಿನ್ ಎಲ್ಲ ಕೊಡುತ್ತಿದ್ದರೂ ಸಾವು ನಿರೀಕ್ಷೆಗಿಂತ ಸುಮಾರು ಎರಡು ಪಟ್ಟು ಇದ್ದದ್ದು ಕಂಡಿತು. ಹೆಚ್ಚಿನವು ಹೃದಯ, ರಕ್ತನಾಳದವು. ಎದುರಿಗೆ ಕೂತ ಒಬ್ಬ ರೋಗಿಯಲ್ಲಿ ಅದು ಯಾವ ಡಾಕ್ಟರಿಗೂ ಕಾಣುತ್ತಿರಲಿಲ್ಲ. ಅದನ್ನು ಓದಿದ ಮೇಲೆ ಗೌರಮ್ಮನ ಕೊಲೆಸ್ಟ್ರಾಲ್, ಬಿಪಿಗೂ ನಾನು ಗಮನ ಕೊಡತೊಡಗಿದೆ. ನಮ್ಮ ಜಿಲ್ಲೆಯಲ್ಲಿ ಹೀಗೆ ಬದುಕುತ್ತಿರುವವರ ಒಂದು ಪಟ್ಟಿ ನನ್ನ ಹತ್ತಿರ ನೋಟ್‌ಬುಕ್ಕಿನಲ್ಲಿದೆ, ಅದರಲ್ಲಿ ಮೂರು ಹೆಸರು. ಉಳಿದಿಬ್ಬರು ಸಿಕ್ಕಿದ್ದು, ಸೋಡಿಯಂ ಇಳಿದು ಬಂದ ಪ್ರತಿ ಹೆಂಗಸಿಗೂ "ಕಡೇ ಹೆರಿಗೆಯಲ್ಲಿ ರಕ್ತ ಹೋಯ್ತಾ, ಹಾಲು ಬಂತಾ" ಎಂದು ಕೇಳುವ ಅಭ್ಯಾಸ ಮಾಡಿಕೊಂಡ ಮೇಲೆ. ಈಗ ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತವೆ, ಹೊಸ ಪ್ರಕರಣಗಳು ಕಡಿಮೆಯಾಗಬೇಕು. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಮಳೆಯಲ್ಲಿ, ಜೀಪಿಗೆ ಕಾದು ಹೆತ್ತವರು ಇನ್ನೂ ಒಲೆಯ ಮುಂದೆ ಕೂತಿದ್ದಾರೆ.

ಕಾರ್ಡು ಈಗ ನಾಲ್ಕನೇ ಆವೃತ್ತಿ. ಲ್ಯಾಮಿನೇಷನ್ ಮಾಡಿಸಿ ಒಂದು ಮನೆಯಲ್ಲಿ, ಒಂದು ರೈಟರ್ ಹತ್ತಿರ, ಒಂದು ಫೋಟೊ ಮಗಳ ಮೊಬೈಲಿನಲ್ಲಿ. ಟಿಎಸ್‌ಎಚ್ ಸಾಲು ಎಲ್ಲಕ್ಕಿಂತ ಮೇಲಿದೆ. ಸೋಮಾರಿ ಎನ್ನುತ್ತಿದ್ದ ರೈಟರೇ ಕಾರ್ಡು ಕೇಳಿ ತೆಗೆದುಕೊಂಡರು.

2024ರ ಜನವರಿಯಲ್ಲಿ ಗೌರಮ್ಮ ಬಂದಾಗ ತೂಕದ ಚೀಟಿಗಳಲ್ಲಿ 43ರ ಆಸುಪಾಸು. ಅರವತ್ತು ಇನ್ನು ಬರುವುದಿಲ್ಲ, ಅವರಿಗೂ ಗೊತ್ತು. ಅತ್ತೆ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು. ಹೊರಗೆ ಎಂದಿನಂತೆ ನಲವತ್ತು ಜನ. ನಾನು ಪೆನ್ನು ಕೆಳಗಿಟ್ಟು, "ಈಗ ನೀವು ಹೇಳಿ ಅಜ್ಜಿ, ಸೊಸೆ ಹೇಗಿದ್ದಾಳೆ?" ಎಂದೆ.

"ಅವಳು ಚೆನ್ನಾಗವಳೆ ಬುಡಿ," ಎಂದು ಅಜ್ಜಿ ಸೀರೆ ಮೇಲಕ್ಕೆ ಸರಿಸಿ, ಹತ್ತು ನಿಮಿಷ ತಮ್ಮ ಮಂಡಿನೋವಿನ ಬಗ್ಗೆ ಹೇಳಿದರು.